ಓಜಸ್ಸಿನಿಂದ ಮಾಧುರ್ಯಕ್ಕೆ

ಮಮ್ಮಟನೇ ಮೊದಲಾದ ಆಲಂಕಾರಿಕರು ಕಾವ್ಯಕ್ಕೆ ಮಾಧುರ್ಯ, ಓಜಸ್ಸು, ಪ್ರಸಾದವೆಂದು ಮೂರು ಗುಣಗಳನ್ನು ಹೇಳಿರುವರು. ಚಿತ್ತವನ್ನು ಕರಗಿಸುವುದು ಮಾಧುರ್ಯ. ಅದನ್ನು ಹೊತ್ತಿಸಿ ಹಿಗ್ಗಿಸುವುದು ಓಜಸ್ಸು. ಮೊದಲನೆಯದು ಶೃಂಗಾರ, ಕರುಣ, ಶಾಂತಗಳಲ್ಲಿ ನೆಲಸುವುದು; ಎರಡನೆಯದು ವೀರ, ಬೀಭತ್ಸ, ರೌದ್ರಗಳಲ್ಲಿ. ಇದೇನು, ಗೃಹಸ್ಥರ ಪತ್ರಿಕೆಯಲ್ಲಿ ಅಲಂಕಾರಪಾಠ ಮೊದಲಾಯಿತೆಂದು ವಾಚಕಮಹಾಶಯರು ಹಾಳೆ ಮಗುಚಬಾರದು. ನಾನು ಹೇಳಹೊರಟಿರುವುದು ತರುಣರು ಕಿವಿಗೆ ಸಿಕ್ಕಿಸಿಕೊಂಡು ಕೇಳುವ, ಹಿರಿಯರು ಬರಿಯ ಗದ್ದಲವೆಂದು ತಳ್ಳಿಬಿಡುವ ಒಂದು ಪಾಶ್ಚಾತ್ಯ ಸಂಗೀತದ ವಿಷಯ. ಅದರೊಳಗೆ ನಡೆದ ಮಾರ್ಪಾಡೊಂದನ್ನು ತಿಳಿಯುವುದಕ್ಕೆ ಈ ಎರಡು ಮಾತುಗಳಿಗಿಂತ ಒಳ್ಳೆಯ ಕೀಲಿಕೈ ನನಗೆ ದೊರೆತಿಲ್ಲ.

ಹೆವಿ ಮೆಟಲ್ ಎಂಬ ಆ ಸಂಗೀತಕ್ಕೆ ಹಲವು ಶಾಖೆಗಳುಂಟು. ಅವುಗಳಲ್ಲೆಲ್ಲ ಉಗ್ರವಾದುದು ಬ್ಲ್ಯಾಕ್ ಮೆಟಲ್. ೧೯೯೦ರ ತರುವಾಯದ ವರ್ಷಗಳಲ್ಲಿ ಇದು ನಾರ್ವೆ ದೇಶದಲ್ಲಿ ಬಲಿಯಿತು. ಗಾಯಕನು ಹಾಡುವುದಿಲ್ಲ, ಚೀರುವನು. ಡ್ರಮ್ಮುಗಳು ಆಲಿಕಲ್ಲಿನ ಮಳೆಯಂತೆ ಬೀಳುವುವು. ಗಿಟಾರಿನ ತಂತಿಯ ಮೇಲೆ ಒಂದೇ ಸ್ವರವನ್ನು ಎಡೆಬಿಡದೆ ಅತಿವೇಗವಾಗಿ ಮೀಟುವರು. ಆ ಕೂಟದ ಕೆಲವರ ದ್ವೇಷವು ಹಾಡಿನಲ್ಲಿಯೇ ನಿಲ್ಲದೆ, ಹಳೆಯ ಇಗರ್ಜಿಗಳಿಗೆ ಬೆಂಕಿಯಿಡುವವರೆಗೂ ಹೋಯಿತು. ಇಂತಹ ಮನೆತನದಿಂದ ಸೌಮ್ಯನಾದ ಮಗನು ಹುಟ್ಟುವನೆಂದು ಯಾರು ತಾನೆ ಎಣಿಸುವರು?

ಆದರೆ ಹುಟ್ಟಿದನು. ದಕ್ಷಿಣ ಫ್ರಾನ್ಸಿನ ಬಾನ್ಯೋಲ್ ಎಂಬ ಊರಿನಲ್ಲಿ, ೨೦೦೦ದಲ್ಲಿ, ಹದಿಹರೆಯದ ಹುಡುಗನೊಬ್ಬನು ಆಲ್ಸೆಸ್ಟ್ ಎಂಬ ತಂಡವನ್ನು ಕಟ್ಟಿದನು. ಅವನು ಇಟ್ಟುಕೊಂಡ ಹೆಸರು ನೇಜ್, ಫ್ರೆಂಚಿನಲ್ಲಿ ಹಿಮವೆಂದರ್ಥ. ೨೦೦೧ರ ಮೊದಲ ಮುದ್ರಿಕೆಯು ಅಪ್ಪಟ ಬ್ಲ್ಯಾಕ್ ಮೆಟಲ್. ಜತೆಗಾರರು ಬಿಟ್ಟುಹೋದ ಮೇಲೆ ಹುಡುಗನು ಒಬ್ಬನೇ ಉಳಿದು, ತನ್ನ ಮನಸ್ಸಿನಲ್ಲಿದ್ದುದನ್ನು ಹೊರಗೆಡಹತೊಡಗಿದನು. ಬಾಲ್ಯದಲ್ಲಿ ತನಗೆ ಬೇರೊಂದು ಲೋಕದ ದರ್ಶನವಾಗುತ್ತಿದ್ದಿತೆಂದೂ, ಅಲ್ಲಿಯ ಬೆಳಕೂ ಬಣ್ಣಗಳೂ ಈ ಭೂಮಿಯವಲ್ಲವೆಂದೂ ಅವನು ಹೇಳಿಕೊಂಡಿದ್ದಾನೆ. ನಂಬುವುದೂ ಬಿಡುವುದೂ ಅವರವರಿಗೆ ಸೇರಿದುದು. ನಾವು ಗಮನಿಸಬೇಕಾದುದೆಂದರೆ, ಆ ಬೆಳಕನ್ನು ಹೇಳಲು ಅವನ ಕೈಯಲ್ಲಿದ್ದುದು ದ್ವೇಷಕ್ಕಾಗಿ ಹದಗೊಂಡ ವಾದ್ಯಭಾಷೆಯೊಂದೇ.

ಇಲ್ಲಿಯೇ ಸ್ವಾರಸ್ಯವಿರುವುದು. ಅವನು ಆ ಭಾಷೆಯನ್ನು ಎಸೆಯಲಿಲ್ಲ. ಅದೇ ಎಡೆಬಿಡದ ಮೀಟು, ಅದೇ ಕರ್ಕಶಗೊಳಿಸಿದ ಗಿಟಾರು. ಆದರೆ ಸ್ವರಗಳ ಹೊಂದಿಕೆಯನ್ನು ಇಂಪುಗೊಳಿಸಿ, ನಾದವು ಗುಹೆಯೊಳಗಿನಂತೆ ದೀರ್ಘಕಾಲ ಮೊಳಗುವಂತೆ ಮಾಡಿ, ಚೀರಾಟದ ಬದಲು ಮೆಲುದನಿಯನ್ನು ಹೂಡಿದನು. ಆಲಿಕಲ್ಲು ಕರಗಿ ಮಂಜಾಯಿತು. ೨೦೦೫ರ ‘ರಹಸ್ಯ’ವೆಂಬರ್ಥದ ಕಿರುಮುದ್ರಿಕೆಯಲ್ಲಿ ಇರುವುವು ಎರಡೇ ಹಾಡುಗಳು, ಎರಡನೆಯದರ ಸಾಹಿತ್ಯವು ಕವಿ ಬೋದಲೇರನದು. ೨೦೦೭ರಲ್ಲಿ ಬಂದ ‘ಬೇರೊಂದು ಲೋಕದ ನೆನಪುಗಳು’ ಎಂಬ ಪೂರ್ಣ ಸಂಗ್ರಹದಲ್ಲಿ ಚೀರುವಿಕೆಯೇ ಇಲ್ಲ.

ಕೇಳಿದವರು ಇದಕ್ಕೆ ಷೂಗೇಜ್ ಎಂಬ ಹಳೆಯ ಹೆಸರನ್ನು ಅಂಟಿಸಿದರು. ೧೯೯೦ರ ಆಚೀಚೆ ಬ್ರಿಟನ್ನಿನಲ್ಲಿ ಕೆಲವು ತಂಡಗಳು ಗಿಟಾರಿನ ದನಿಗಳನ್ನು ಪದರಪದರವಾಗಿ ಹೇರಿ, ಗಾಯನವನ್ನು ಅದರೊಳಗೆ ಮುಳುಗಿಸಿ ಹಾಡುತ್ತಿದ್ದುವು. ವಾದಕರು ಕಾಲಬಳಿಯ ಪೆಡಲುಗಳನ್ನು ನೋಡುತ್ತ ತಲೆತಗ್ಗಿಸಿ ನಿಲ್ಲುತ್ತಿದ್ದುದರಿಂದ, ಜೋಡನ್ನು ದಿಟ್ಟಿಸುವವರೆಂದು ಪತ್ರಿಕೆಗಳವರು ಗೇಲಿಮಾಡಿದರು. ಗೇಲಿಯೇ ಹೆಸರಾಗಿ ನಿಂತಿತು. ನೇಜನಾದರೋ, ಮೊದಲು ತಾನು ಆ ಸಂಗೀತವನ್ನು ಕೇಳಿಯೇ ಇರಲಿಲ್ಲವೆನ್ನುತ್ತಾನೆ.

೨೦೧೦ರ ‘ಚಂದ್ರನ ಪೊರೆಗಳು’ ಎಂಬುದರಲ್ಲಿ ಚೀರುವಿಕೆಯೂ ಮೆಲುದನಿಯೂ ಒಂದೇ ಹಾಡಿನೊಳಗೆ ಅಲೆಗಳಂತೆ ಏರಿಳಿಯುವುವು. ನನ್ನ ಮಟ್ಟಿಗೆ ಅವನ ಕೃತಿಗಳಲ್ಲಿ ಇದೇ ಶ್ರೇಷ್ಠ. ಆದರೆ ೨೦೧೪ರ ‘ಆಶ್ರಯ’ಕ್ಕೆ ಬರುವ ಹೊತ್ತಿಗೆ ಅವನು ಓಜಸ್ಸಿನ ಕೊನೆಯ ಕಿಡಿಯನ್ನೂ ಆರಿಸಿಬಿಟ್ಟನು. ಐಸ್‌ಲೆಂಡಿನಲ್ಲಿ, ಹಿಂದೆ ಈಜುಕೊಳವಾಗಿದ್ದ ಕಟ್ಟಡವೊಂದರಲ್ಲಿ ಅದರ ಧ್ವನಿಮುದ್ರಣ ನಡೆಯಿತು. ಸ್ಲೋಡೈವ್ ಎಂಬ ಹಳೆಯ ಷೂಗೇಜ್ ತಂಡದ ನೀಲ್ ಹಾಲ್‌ಸ್ಟೆಡ್ ಒಂದು ಹಾಡನ್ನು ತಾನೇ ಹಾಡಿದನು. ಆಗ ಕೇಳುಗರಲ್ಲಿ ಎರಡು ಪಂಗಡವಾಯಿತು. ಉಗ್ರತೆಗಾಗಿ ಬಂದವರಿಗೆ ತಮ್ಮವನು ಕೈಬಿಟ್ಟಂತಾಯಿತು.

ಅವರ ಮುನಿಸನ್ನು ಹುಡುಗಾಟವೆಂದು ನಾನು ತಳ್ಳಲಾರೆ. ಒಂಟಿಯಾದ ತರುಣನೊಬ್ಬನಿಗೆ ಆ ಚೀರಾಟದಲ್ಲಿ ತನ್ನ ಸಂಕಟದ ಪ್ರತಿಧ್ವನಿ ಕೇಳಿಸಿರಬಹುದು. ನಾಳೆ ಅದೇ ಬಾಯಿ ಸಮಾಧಾನವನ್ನು ಮಾತ್ರ ಹಾಡಿದರೆ, ಅವನು ಹೋಗುವುದೆಲ್ಲಿಗೆ? ಹಾಗೆಂದು ಆರಿದ ಕೋಪವನ್ನು ಜೀವನೋಪಾಯಕ್ಕಾಗಿ ನಟಿಸುತ್ತ ಕೂರುವುದು ಗಾಯಕನಿಗೆ ಯಾವ ಮರ್ಯಾದೆ? ದಶಕಗಳ ಕಾಲ ಪಾಠ ಹೇಳಿದವನು ನಾನು. ಒಳಗೆ ಇಲ್ಲದ ಸಿಟ್ಟನ್ನು ದನಿಯಲ್ಲಿ ತಂದರೆ ಕೊನೆಯ ಬೆಂಚಿನ ಹುಡುಗನೂ ಕಂಡುಹಿಡಿಯುವನು. ‘ಆಶ್ರಯ’ದ ಕೊರತೆ ಮೋಸವಲ್ಲ. ಎದುರಿಗೆ ಇರುಳಿಲ್ಲದ ಕಾರಣ ಅದರ ಬೆಳಕು ತೆಳುವಾಗಿದೆ, ಅಷ್ಟೆ. ಉಪ್ಪಿಲ್ಲದೆ ಬರಿಯ ಹೋಳಿಗೆಯನ್ನೇ ಬಡಿಸಿದ ಊಟದಂತೆ.

ನೇಜನಿಗೂ ಹಾಗೆಯೇ ತೋರಿತೋ ಏನೋ, ೨೦೧೬ರ ‘ಕೊದಮ’ದಲ್ಲಿ ಚೀರುವಿಕೆಯು ಮರಳಿತು. ಕೊದಮವೆಂದರೆ ಜಪಾನೀಯರ ವೃಕ್ಷದೇವತೆ; ಮಿಯಜಾಕಿಯ ‘ಪ್ರಿನ್ಸೆಸ್ ಮೊನೊನೊಕೆ’ ಚಲಚ್ಚಿತ್ರವು ಅದಕ್ಕೆ ಪ್ರೇರಣೆ. ಕಾಡಿಗೂ ಊರಿಗೂ ನಡುವೆ ಹರಿದುಹೋದವರ ಕಥೆಯಾದುದರಿಂದ ಅಲ್ಲಿ ಎರಡು ದನಿಗಳಿಗೂ ಎಡೆಯುಂಟು. ಅಮೆರಿಕದ ಡೆಫ್‌ಹೆವನ್ ತಂಡವೂ ಇದೇ ದಾರಿ ಹಿಡಿಯಿತು: ೨೦೨೧ರಲ್ಲಿ ಚೀರುವುದನ್ನು ಬಹುಮಟ್ಟಿಗೆ ತೊರೆದು, ೨೦೨೫ರಲ್ಲಿ ಮತ್ತೆ ಕೈಗೆತ್ತಿಕೊಂಡಿತು.

ಆಲ್ಸೆಸ್ಟ್ ೨೦೨೪ರಲ್ಲಿ ಹೊರತಂದ ಸಂಗ್ರಹಕ್ಕೆ ‘ಅರುಣೋದಯದ ಹಾಡುಗಳು’ ಎಂದು ಹೆಸರು. ಬಾಲ್ಯದ ಆ ಬೆಳಕು ಅಲ್ಲಿ ಮತ್ತೆ ಮುಂದೆ ಬಂದಿದೆ. ಆದರೆ ಈ ಸಲ ಗಿಟಾರಿನ ಒರಟುತನವನ್ನು ಅವನು ಹೊರಗಟ್ಟಿಲ್ಲ. ಹದಿಹರೆಯದಲ್ಲಿ ಕಲಿತ ಆ ಬಿಡುವಿಲ್ಲದ ಮೀಟು ಹಾಡುಗಳ ಅಡಿಯಲ್ಲಿ ಇನ್ನೂ ಮಿಡಿಯುತ್ತಲೇ ಇದೆ.