ಬಿಡುವ ಮಂತ್ರ, ಹಿಂತೆಗೆಯುವ ಮಂತ್ರ

ಶಸ್ತ್ರ ಬೇರೆ, ಅಸ್ತ್ರ ಬೇರೆ. ಕೈಯಲ್ಲಿ ಹಿಡಿದು ಹೊಡೆಯುವ ಕತ್ತಿ, ಗದೆ ಶಸ್ತ್ರ; ಗುರಿಯತ್ತ ಬಿಡುವುದು ಅಸ್ತ್ರ. ಅದಕ್ಕೆ ಮಂತ್ರ ಕೂಡಿದರೆ ಸಾಧಾರಣ ಬಾಣವೇ ಆಗ್ನೇಯಾಸ್ತ್ರವಾಗುತ್ತದೆ, ವಾರುಣಾಸ್ತ್ರವಾಗುತ್ತದೆ. ಇದು ಮಾಟಗಾರನ ಕೈಚಳಕವಲ್ಲ, ಗುರುವಿನಿಂದ ಪಡೆದು ಶಿಸ್ತಿನಿಂದ ಉಳಿಸಿಕೊಳ್ಳಬೇಕಾದ ಯೋಧನ ವಿದ್ಯೆ.

ಈ ವಿದ್ಯೆಗೆ ಕಟ್ಟುಪಾಡುಗಳಿದ್ದವು. ವಾಲ್ಮೀಕಿಯ ಬಾಲಕಾಂಡದಲ್ಲಿ ವಿಶ್ವಾಮಿತ್ರ ಅಸ್ತ್ರಗಳನ್ನು ಉಪದೇಶಿಸಿದೊಡನೆ ರಾಮ ಅವುಗಳ ಉಪಸಂಹಾರವನ್ನೂ, ಅಂದರೆ ಹಿಂತೆಗೆಯುವ ಬಗೆಯನ್ನೂ, ಕೇಳಿ ಕಲಿಯುತ್ತಾನೆ. ಮಹಾಭಾರತದಲ್ಲಿ ಇಂದ್ರ ಕೊಟ್ಟ ಶಕ್ತ್ಯಾಯುಧ ಕರ್ಣನಿಗೆ ಒಂದೇ ಸಲಕ್ಕೆ ಮೀಸಲು. ಅದು ಘಟೋತ್ಕಚನ ಮೇಲೆ ಖರ್ಚಾಯಿತು. ಸುಳ್ಳು ಹೇಳಿ ಪರಶುರಾಮನಿಂದ ಕಲಿತ ಬ್ರಹ್ಮಾಸ್ತ್ರ ಕೊನೆಗಾಲದಲ್ಲಿ ಕರ್ಣನ ನೆನಪಿಗೇ ಬರಲಿಲ್ಲ.

ನಿಯಮದ ಪೂರ್ಣ ಪರೀಕ್ಷೆ ನಡೆಯುವುದು ಮಹಾಭಾರತದ ಸೌಪ್ತಿಕ ಪರ್ವದಲ್ಲಿ. ಅಶ್ವತ್ಥಾಮ ಒಂದು ಹುಲ್ಲುಕಡ್ಡಿಗೆ ಬ್ರಹ್ಮಶಿರೋಸ್ತ್ರವನ್ನು ಆವಾಹಿಸಿ ಬಿಡುತ್ತಾನೆ. ಎದುರಿಗೆ ಅದೇ ಅಸ್ತ್ರ ಹೂಡುವ ಅರ್ಜುನ, ಬಿಡುವ ಮುನ್ನ ಮೊದಲು ಗುರುಪುತ್ರ ಅಶ್ವತ್ಥಾಮನಿಗೆ, ಆಮೇಲೆ ತನಗೂ ಅಣ್ಣತಮ್ಮಂದಿರಿಗೂ ಒಳ್ಳೆಯದಾಗಲಿ ಎಂದು ಹರಸುತ್ತಾನೆ. ವ್ಯಾಸ, ನಾರದರು ನಡುವೆ ನಿಂತಾಗ ಬ್ರಹ್ಮಚರ್ಯ, ಸತ್ಯವ್ರತಗಳ ಬಲದಿಂದ ತನ್ನ ಅಸ್ತ್ರವನ್ನು ಹಿಂದಕ್ಕೆ ಪಡೆಯುತ್ತಾನೆ. ಅಶ್ವತ್ಥಾಮನಿಗೆ ಅದಾಗದು, ಅವನ ಅಸ್ತ್ರ ಉತ್ತರೆಯ ಗರ್ಭದ ಕಡೆ ತಿರುಗುತ್ತದೆ. ಇಬ್ಬರೂ ದ್ರೋಣನ ಶಿಷ್ಯರು, ಇಬ್ಬರ ಅಸ್ತ್ರವೂ ಒಂದೇ. ವ್ಯತ್ಯಾಸ ಇದ್ದದ್ದು ಸಂಯಮದಲ್ಲಿ.

ಯಕ್ಷಗಾನ ಈ ಅಸ್ತ್ರಗಳನ್ನು ರಂಗಕ್ಕೆ ತಂದಿತು. ಕರ್ಣಾರ್ಜುನ ಕಾಳಗದಲ್ಲಿ ಬಿಲ್ಲು ಬಾಣಗಳು ವೇಷಧಾರಿಯ ಕೈಯಲ್ಲೇ ಇರುತ್ತವೆ. ಅಸ್ತ್ರ ಹಾರುವುದು ಭಾಗವತರ ಪದದಲ್ಲಿ, ಚೆಂಡೆಯ ಪೆಟ್ಟಿನಲ್ಲಿ, ಕುಣಿತದಲ್ಲಿ. ಅದರ ಹಿಂದಿನ ಧರ್ಮಸೂಕ್ಷ್ಮವನ್ನು ಅರ್ಥಗಾರಿಕೆ ಬಿಡಿಸಿಡುತ್ತದೆ.

ಮಾತಿನಲ್ಲಿದ್ದ ಪವಾಡ ಬೆಳಕಾಗಿ ಕಂಡದ್ದು ಮುಂಬಯಿಯ ದಾದರ್‌ನಲ್ಲಿ. ಜಾದೂ ಕಲಿತು, ‘ಫಾಳ್ಕೆ’ ಹೆಸರನ್ನೇ ತಿರುಗಿಸಿ ‘ಪ್ರೊಫೆಸರ್ ಕೇಳ್ಫಾ’ ಎಂದು ಪ್ರದರ್ಶನ ನೀಡಿದ್ದ ದಾದಾಸಾಹೇಬ್ ಫಾಳ್ಕೆ 1912ರಲ್ಲಿ ಇಲ್ಲಿ ‘ರಾಜಾ ಹರಿಶ್ಚಂದ್ರ’ ಚಿತ್ರೀಕರಿಸಿದರು; 1913ರ ಮೇ 3ರಂದು ಅದು ತೆರೆಕಂಡಿತು. ವಿಶ್ವಾಮಿತ್ರ ಯಜ್ಞದಿಂದ ವಶಪಡಿಸಿಕೊಳ್ಳಹೊರಟ ಮೂರು ಶಕ್ತಿಗಳು ಅದರಲ್ಲಿ ಬೆಂಕಿಯ ನಡುವೆ ಕಾಣಿಸಿಕೊಂಡವು. 1977ರ ಕನ್ನಡದ ‘ಬಭ್ರುವಾಹನ’, 1988ರಲ್ಲಿ ಆರಂಭವಾದ ದೂರದರ್ಶನದ ‘ಮಹಾಭಾರತ’ ಇದೇ ದಾರಿಯಲ್ಲಿ ಬಂದವು. ಆದರೆ ತೆರೆ ತೋರಿಸಿದ್ದು ಹೆಚ್ಚಾಗಿ ಮಿಂಚನ್ನು. ವ್ರತ ಕ್ಯಾಮೆರಾಕ್ಕೆ ಸಿಗುವಂಥದ್ದಲ್ಲ.

ನಿಯಮಗಳು ಮತ್ತೆ ಮುಖ್ಯವಾದದ್ದು ಆಟಗಾರರೇ ಪಾತ್ರ ವಹಿಸುವ ರೋಲ್ ಪ್ಲೇಯಿಂಗ್ ಆಟಗಳಲ್ಲಿ. ಅಮೆರಿಕದ ‘ಚೈನ್‌ಮೇಲ್’ (1971) ಪುಟ್ಟ ಗೊಂಬೆ ಸೈನಿಕರ ಯುದ್ಧದಾಟ. ಅದರಲ್ಲಿ ಮಾಂತ್ರಿಕನ ಬೆಂಕಿಯುಂಡೆಯ ಹೊಡೆತಕ್ಕೆ ಕಲ್ಲೆಸೆಯುವ ಕವಣೆಯಂತ್ರದ ಹೊಡೆತದ್ದೇ ಅಳತೆ. ಅದರಿಂದ ಬೆಳೆದ, ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರಚಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ (1974) ಆಟದಲ್ಲಿ ಮಂತ್ರವನ್ನು ಮೊದಲೇ ಕಂಠಸ್ಥ ಮಾಡಿಕೊಳ್ಳಬೇಕಿತ್ತು, ಪ್ರಯೋಗಿಸಿದೊಡನೆ ಅದು ಮರೆತುಹೋಗುತ್ತಿತ್ತು. ಆದರೆ ಮಂತ್ರ ಮಾಂತ್ರಿಕರ ಪಾಲಾಯಿತು, ಯೋಧನಿಗೆ ಉಳಿದದ್ದು ಕತ್ತಿ.

ಯೋಧನಿಗೂ ಮಂತ್ರ ಕೊಡಬಯಸುವ ಆಟಕ್ಕೆ ಅಸ್ತ್ರವಿದ್ಯೆಯ ಚೌಕಟ್ಟು ಸಿದ್ಧವಾಗಿಯೇ ಇದೆ: ಗುರುವಿನ ಉಪದೇಶ, ಪಾಲಿಸಬೇಕಾದ ವ್ರತ, ಪ್ರಯೋಗದ ಮಿತಿ, ಮುರಿದರೆ ತೆರಬೇಕಾದ ಬೆಲೆ ಮತ್ತು ಎಲ್ಲಕ್ಕಿಂತ ಕಷ್ಟದ ಉಪಸಂಹಾರ.