ಪ್ರಯಾಣಿಕನ ಮಾತು: ಆಳಂದ, ಅಫಜಲಪುರ, ಜೇವರ್ಗಿ

ದೂರದೇಶಕ್ಕೆ ಹೋಗಿ ಬಂದವರ ಮಾತನ್ನು ಕೇಳುವ ಕುತೂಹಲವು ನಮ್ಮೆಲ್ಲರಲ್ಲಿಯೂ ಉಂಟು. ಲಂಡನ್ನಿಗೋ ಸಿಂಗಪುರಕ್ಕೋ ಹೋಗಿ ಬಂದ ನೆಂಟರು ಮನೆಗೆ ಬಂದರೆ ಅವರನ್ನು ನಡುವೆ ಕೂರಿಸಿ ಸುತ್ತಲೂ ಕುಳಿತು ಕೇಳುತ್ತೇವೆ. ಅರ್ಧ ಘಂಟೆ ಕಳೆಯುವುದರೊಳಗಾಗಿ, ಸಭ್ಯತೆಯಿಂದ ಯಾರೂ ಬಾಯಿಬಿಟ್ಟು ಹೇಳದಿದ್ದರೂ, ಕೇಳುವವರಲ್ಲಿ ಕೆಲವರಿಗೆ ಆಕಳಿಕೆ ಬಂದಿರುತ್ತದೆ. ಕಟ್ಟಡಗಳು ಬಹು ಎತ್ತರ, ರಸ್ತೆಗಳು ಬಹು ಚೊಕ್ಕಟ, ಊಟಕ್ಕೆ ಮಾತ್ರ ಬಹು ತೊಂದರೆ. ಇಷ್ಟನ್ನು ಹೇಳುವುದಕ್ಕೆ ಸಮುದ್ರವನ್ನು ದಾಟಬೇಕಾಗಿರಲಿಲ್ಲ. ನೆರೆಯ ತಾಲೂಕಿನ ಸಂತೆಗೆ ಎತ್ತು ಮಾರಲು ಹೋಗಿ ಬಂದ ರೈತನ ಮಾತಾದರೋ ಕೆಲವೊಮ್ಮೆ ನಮ್ಮನ್ನು ಕುಳಿತಲ್ಲಿಂದ ಏಳಗೊಡುವುದಿಲ್ಲ. ಈ ವ್ಯತ್ಯಾಸಕ್ಕೆ ಕಾರಣವೇನು? ಪ್ರಯಾಣಿಕನ ಮಾತಿನಲ್ಲಿ ಯಾವುದನ್ನು ನಂಬಬೇಕು, ಯಾವುದನ್ನು ಕೇಳಿ ಬಿಡಬೇಕು?

ಇದನ್ನು ಕಲಬುರಗಿ ಜಿಲ್ಲೆಯ ಮೂರು ಊರುಗಳನ್ನು ಮುಂದಿಟ್ಟುಕೊಂಡು ವಿಚಾರಿಸಬೇಕೆಂದು ನಮ್ಮ ಅಪೇಕ್ಷೆ. ಆಳಂದ, ಅಫಜಲಪುರ, ಜೇವರ್ಗಿ ಎಂದೊಡನೆ ನಗರವಾಸಿಗಳಾದ ನಮ್ಮ ಸ್ನೇಹಿತರು, ಅಲ್ಲಿ ನೋಡತಕ್ಕದ್ದೇನಿದೆ ಎಂದು ಕೇಳುತ್ತಾರೆ. ಕಳೆದ ಡಿಸೆಂಬರಿನಲ್ಲಿ ನಾವು ಆ ಕಡೆಗೆ ಹೊರಟಾಗಲೂ ಹೀಗೆಯೇ ಕೇಳಿದರು. ಆಗ ನಾವು ಕೊಟ್ಟ ಉತ್ತರವು ಅವರಿಗೆ ಹಾಸ್ಯವೆಂದು ತೋರಿತು. ಐದೂವರೆ ಶತಮಾನಗಳ ಹಿಂದೆ ರಷ್ಯಾದ ವರ್ತಕನೊಬ್ಬನು ಆಳಂದದ ಮೇಲೆ ಹಾದು ಹೋದನು, ಅವನು ಬರೆದುಕೊಂಡದ್ದನ್ನು ಆ ಊರಿನಲ್ಲಿಯೇ ನಿಂತು ಓದಬೇಕು ಎಂದೆವು.

ಆ ವರ್ತಕನ ಹೆಸರು ಅಫನಾಸಿ ನಿಕಿತಿನ್. ವೋಲ್ಗಾ ನದಿಯ ಮೇಲಣ ತ್ವೇರ್ ಎಂಬ ಪಟ್ಟಣದವನು. ಸರಕು ತುಂಬಿಕೊಂಡು ನದಿಯಲ್ಲಿ ಕೆಳಗಿಳಿದು ಬರುವಾಗ ಅಸ್ತ್ರಾಖಾನಿನ ಬಳಿ ತಾತಾರರು ಅವನನ್ನು ದೋಚಿದರು. ಬರಿಗೈಯಲ್ಲಿ ಊರಿಗೆ ಮರಳಲು ಮನಸ್ಸಾಗದೆ ಅವನು ಪಾರಸಿಕ ದೇಶವನ್ನು ಹಾದು, ಹೊರ್ಮುಜಿನಿಂದ ಕುದುರೆಯೊಂದನ್ನು ಹಡಗಿಗೆ ಏರಿಸಿಕೊಂಡು, ಕೊಂಕಣದ ಚೌಲ ಬಂದರಿನಲ್ಲಿ ಇಳಿದನು. ಅದು 1470ರ ಸುಮಾರು. ಬೀದರಿನಲ್ಲಿ ಬಹಮನೀ ಸುಲ್ತಾನ ಮೂರನೆಯ ಮುಹಮ್ಮದನು ಆಳುತ್ತಿದ್ದನು, ಮಹಮೂದ್ ಗವಾನನು ಮಂತ್ರಿಯಾಗಿದ್ದನು. ಆ ಒಂದು ಕುದುರೆಯ ಮೇಲೆ ತನಗೆ ನೂರು ರೂಬಲು ಬಿದ್ದಿತೆಂದು ನಿಕಿತಿನನು ಬರೆದಿದ್ದಾನೆ. ಜುನ್ನರಿನ ಅಧಿಕಾರಿಯು ಮತಾಂತರವಾದರೆ ಕೊಡುವೆನೆಂದು ಅದನ್ನು ಕಿತ್ತುಕೊಂಡದ್ದು, ಖುರಾಸಾನಿನ ಸಜ್ಜನನೊಬ್ಬನು ನಡುವೆ ಬಂದು ಅದನ್ನು ಮರಳಿ ಕೊಡಿಸಿದ್ದು, ಕಡೆಗೆ ಬೀದರಿನಲ್ಲಿ ಅದನ್ನು ಮಾರಿದ್ದು, ಎಲ್ಲವನ್ನೂ ಗುರುತು ಹಾಕಿಕೊಂಡಿದ್ದಾನೆ. ಈ ದೇಶದಲ್ಲಿ ಕುದುರೆಗಳಿಗೆ ಕಡಲೆಯನ್ನು ತಿನ್ನಿಸುತ್ತಾರೆ, ಸಕ್ಕರೆ ಹಾಕಿ ಕಿಚಡಿ ಬೇಯಿಸಿ ಕೊಡುತ್ತಾರೆ ಎಂಬುದನ್ನೂ ಬಿಟ್ಟಿಲ್ಲ. ಕುದುರೆ ಸಾಕಿ ಕೈಸುಟ್ಟುಕೊಂಡವನಿಗೆ ಮಾತ್ರ ಅದರ ಮೇವು ಇಷ್ಟು ನೆನಪಿರುತ್ತದೆ.

ಆಳಂದದ ವಿಷಯವಾಗಿ ಅವನು ಹೇಳುವುದು ಕೆಲವೇ ಮಾತುಗಳು. ಶೇಖ್ ಅಲಾವುದ್ದೀನನ ನೆನಪಿಗಾಗಿ ಅಲ್ಲಿ ವರ್ಷಕ್ಕೊಮ್ಮೆ ಹತ್ತು ದಿನಗಳ ಜಾತ್ರೆ ನೆರೆಯುತ್ತದೆ. ಹಿಂದೂಸ್ಥಾನದ ಎಲ್ಲ ಕಡೆಗಳಿಂದಲೂ ವ್ಯಾಪಾರಕ್ಕೆ ಬರುತ್ತಾರೆ. ಮಾರಲು ಬರುವ ಕುದುರೆಗಳು ಇಪ್ಪತ್ತು ಸಾವಿರ. ಬೀದರಿನಿಂದ ಅಲ್ಲಿಗೆ ಹನ್ನೆರಡು ಕೋವು. ಅವನ ಒಂದು ಕೋವು ಹತ್ತು ವೆರ್ಸ್ತುಗಳಿಗೆ ಸಮ, ವೆರ್ಸ್ತು ಎಂದರೆ ಕಿಲೋಮೀಟರಿಗಿಂತ ತುಸು ಹೆಚ್ಚು. ಲೆಕ್ಕ ಹಾಕಿದರೆ 128 ಕಿಲೋಮೀಟರು ಬರುತ್ತದೆ. ಇಂದಿನ ರಸ್ತೆಯ ದೂರಕ್ಕೂ ಇದಕ್ಕೂ ದೊಡ್ಡ ಅಂತರವಿಲ್ಲ. ಇಪ್ಪತ್ತು ಸಾವಿರವೆಂಬ ಸಂಖ್ಯೆಯನ್ನು ನಾವು ಹಾಗೆಯೇ ನಂಬುವುದಿಲ್ಲ. ಜಾತ್ರೆಯಲ್ಲಿ ನಿಂತು ಕುದುರೆಗಳನ್ನು ಎಣಿಸಿದವರು ಯಾರು? ದೂರವನ್ನಾದರೆ ನಂಬುತ್ತೇವೆ, ಏಕೆಂದರೆ ದೂರವನ್ನು ಕಾಲು ಎಣಿಸುತ್ತದೆ.

ಆ ಶೇಖ್ ಅಲಾವುದ್ದೀನರೆಂದರೆ ಇಂದು ಲಾಡ್ಲೆ ಮಶಾಯಿಖ್ ಎಂದು ಪ್ರಸಿದ್ಧರಾದ, ಹದಿನಾಲ್ಕನೆಯ ಶತಮಾನದ ಸೂಫಿಗಳು. ಕಲಬುರಗಿಯಿಂದ ನಲವತ್ತು ಕಿಲೋಮೀಟರಿಗಿಂತ ತುಸು ಹೆಚ್ಚು ದೂರ ಬಂದು, ದಾರಿಯಲ್ಲಿ 2009ರಲ್ಲಿ ಸ್ಥಾಪಿತವಾದ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯವನ್ನು ದಾಟಿ, ನಾವು ಆ ದರ್ಗಾಕ್ಕೆ ಹೋದೆವು. ಅದೇ ಆವರಣದಲ್ಲಿ ರಾಘವಚೈತನ್ಯರ ಹೆಸರಿನ ಶಿವಲಿಂಗವೂ ಇದೆ. ಅದರ ಪೂಜೆಯ ಪ್ರಶ್ನೆಯು ಈಚಿನ ವರ್ಷಗಳಲ್ಲಿ ಉಚ್ಚ ನ್ಯಾಯಾಲಯದವರೆಗೆ ಹೋಗಿದೆ. ನಿಕಿತಿನನ ಬರಹದಲ್ಲಿ ಇದರ ಸುದ್ದಿಯೇ ಇಲ್ಲ. ಪ್ರಯಾಣಿಕನು ಹೇಳದೆ ಇದ್ದುದರಿಂದ ಒಂದು ವಸ್ತುವು ಇತ್ತೆಂದಾಗಲಿ ಇರಲಿಲ್ಲವೆಂದಾಗಲಿ ಸಿದ್ಧವಾಗುವುದಿಲ್ಲ. ಅವನು ಕುದುರೆ ವ್ಯಾಪಾರದವನು, ಕುದುರೆಗಳನ್ನು ನೋಡಿದನು.

ಒಂದು ಮಾತು ಮೊದಲು ಓದಿದಾಗ ನಮಗೆ ತಪ್ಪೆಂದು ತೋರಿತ್ತು. ಈ ಜಾತ್ರೆಯನ್ನು ಅವನು ತನ್ನ ಧರ್ಮದ ಅಕ್ಟೋಬರ್ ಆರಂಭದ ಹಬ್ಬವೊಂದರ ಜೊತೆಗೆ ಹೊಂದಿಸಿ ಹೇಳಿ, ಆ ಹಬ್ಬದಿಂದಲೇ ಇಲ್ಲಿ ವಸಂತವು ಮೊದಲಾಗುತ್ತದೆ ಎನ್ನುತ್ತಾನೆ. ಅಕ್ಟೋಬರಿನಲ್ಲಿ ವಸಂತವೇ? ನಮ್ಮ ಪಂಚಾಂಗದಲ್ಲಿ ಅದು ಶರದೃತು. ಆದರೆ ಆಳಂದದ ಎರೆಹೊಲಗಳ ನಡುವೆ ನಿಂತಾಗ ನಮ್ಮ ಅಭಿಪ್ರಾಯ ಬದಲಾಯಿತು. ಮಳೆಗಾಲದಲ್ಲಿ ಈ ಕರಿನೆಲವು ಕೆಸರಾಗಿ ಕಾಲಿಡಗೊಡುವುದಿಲ್ಲ. ಜುನ್ನರಿನಲ್ಲಿ ಮಳೆಗೆ ಸಿಕ್ಕಿಕೊಂಡಿದ್ದ ನಿಕಿತಿನನು ಆ ತಿಂಗಳುಗಳನ್ನು ಚಳಿಗಾಲವೆಂದೇ ಕರೆದಿದ್ದಾನೆ. ಮಳೆ ಹಿಂದಾದ ಮೇಲೆ ಹಿಂಗಾರಿಯ ಬಿಳಿಜೋಳದ ಬಿತ್ತಿಗೆ ನಡೆಯುತ್ತದೆ, ದಾರಿಗಳು ಒಣಗುತ್ತವೆ, ಗಾಡಿಗಳು ಹೊರಡುತ್ತವೆ. ಹಿಮ ಕರಗಿದ ಮೇಲೆ ನೆಲವು ಹಸಿರಾಗಿ ದಾರಿ ತೆರೆಯುವುದನ್ನು ವಸಂತವೆಂದು ತಿಳಿದವನಿಗೆ ಇದು ವಸಂತವಲ್ಲದೆ ಮತ್ತೇನು? ಅವನು ಹೆಸರನ್ನು ತಪ್ಪಿರಬಹುದು, ನೆಲವನ್ನು ತಪ್ಪಾಗಿ ನೋಡಿಲ್ಲ.

ಅವನೇ ಇನ್ನೊಂದು ಸಂಗತಿಯನ್ನು ಬರೆದಿದ್ದಾನೆ. ಆಳಂದದಲ್ಲಿ ಗುಕುಕ್ ಎಂಬ ಹಕ್ಕಿಯುಂಟು, ರಾತ್ರಿಯಲ್ಲಿ ಹಾರುತ್ತದೆ, ಅದು ಯಾರ ಮನೆಯ ಮೇಲೆ ಕುಳಿತು ಕೂಗುವುದೋ ಆ ಮನೆಯಲ್ಲಿ ಸಾವಾಗುತ್ತದೆ, ಅದನ್ನು ಕೊಲ್ಲಹೋದರೆ ಬಾಯಿಂದ ಬೆಂಕಿ ಉಗುಳುತ್ತದೆ. ಕನ್ನಡಿಗನ ಕಿವಿಗೆ ಇಲ್ಲಿ ನಮ್ಮ ಗೂಗೆಯ ಹೆಸರೇ ಬೀಳುತ್ತದೆ. ಬರಿಯ ಕೂಗಿನ ಅನುಕರಣವೂ ಆಗಿರಬಹುದಾದ್ದರಿಂದ ನಾವು ಹೆಚ್ಚು ಹಟ ಮಾಡುವುದಿಲ್ಲ. ಆದರೆ ಸಾವಿನ ಮಾತನ್ನು ಅವನಿಗೆ ಆ ಊರಿನ ಯಾರೋ ಹೇಳಿರಲೇಬೇಕು. ಗೂಗೆ ಮನೆಯ ಮೇಲೆ ಕುಳಿತರೆ ಕೇಡೆಂಬ ನಂಬಿಕೆಯು ನಮ್ಮ ಹಳ್ಳಿಗಳಲ್ಲಿ ಇನ್ನೂ ಅಳಿದಿಲ್ಲ. ದರ್ಗಾದ ಹೊರಗೆ ಚಹದಂಗಡಿಯ ಕಟ್ಟೆಯ ಮೇಲೆ ಕುಳಿತಿದ್ದ ವೃದ್ಧರೊಬ್ಬರಿಗೆ ನಾವು ಇದನ್ನು ಓದಿ ಹೇಳಿದೆವು. ಅವರು ಬೀಡಿಯನ್ನು ಕೆಳಗಿಟ್ಟು, “ಬೆಂಕಿ ಗಿಂಕಿ ಸುಳ್ಳದ ಸಾಹೇಬರ. ಉಳಿದದ್ದು ಖರೇ ಅದ” ಎಂದರು. ಕಂಡದ್ದು, ಕೇಳಿದ್ದು, ಕಥೆಯಾಗಿ ಬೆಳೆದದ್ದು ಎಂಬ ಮೂರನ್ನು ಬೇರೆ ಬೇರೆ ಇಡಬೇಕೆಂದು ಪಂಡಿತರು ಹೇಳುತ್ತಾರೆ. ಎಲ್ಲಿ ಗೆರೆ ಎಳೆಯಬೇಕೆಂಬುದರಲ್ಲಿ ಮಾತ್ರ ಆ ವೃದ್ಧರಿಗೂ ನಮಗೂ ಒಮ್ಮತವಿರಲಿಲ್ಲ.

ಆಳಂದದ ತಾಲೂಕಿನಲ್ಲಿ ಹರಿಯುವ ಅಮರಜೆಯೆಂಬ ಹೊಳೆಯು ದಕ್ಷಿಣಕ್ಕೆ ಇಳಿದು ಅಫಜಲಪುರ ತಾಲೂಕಿನ ಗಾಣಗಾಪುರದಲ್ಲಿ ಭೀಮೆಯನ್ನು ಕೂಡುತ್ತದೆ. ಆ ದಿಕ್ಕನ್ನೇ ಹಿಡಿದು ನಾವೂ ಮೋಟಾರಿನಲ್ಲಿ ಇಳಿದೆವು. ಗಾಣಗಾಪುರವು ದತ್ತಾತ್ರೇಯನ ಅವತಾರವೆಂದು ಭಕ್ತರು ನಂಬುವ ನೃಸಿಂಹ ಸರಸ್ವತಿಗಳು ನೆಲಸಿದ್ದ ಕ್ಷೇತ್ರ. ಅವರ ಮಹಿಮೆಯನ್ನು ಹೇಳುವ ಗುರುಚರಿತ್ರೆಯು ಮರಾಠಿಯಲ್ಲಿದೆ, ಊರಿನ ಮಾತು ಕನ್ನಡ, ಯಾತ್ರಿಕರಲ್ಲಿ ಬಹುಮಂದಿ ಮಹಾರಾಷ್ಟ್ರದವರು. ಗಾಣಗಾಪುರ ರೋಡ್ ಎಂಬ ರೈಲು ನಿಲ್ದಾಣವು ಇಲ್ಲಿಂದ ಸುಮಾರು ಇಪ್ಪತ್ತು ಕಿಲೋಮೀಟರು ದೂರದಲ್ಲಿದೆ. 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಕಡೆಯ ಹಳಿಯನ್ನು ಕೂಡಿಕೊಂಡ ಮುಂಬಯಿ ದಾರಿಯ ಮೇಲಣ ನಿಲ್ದಾಣವದು. ನಿಲ್ದಾಣದ ಹೆಸರಿನ ಕೊನೆಯಲ್ಲಿ ರೋಡ್ ಎಂದಿದ್ದರೆ ಊರು ಅಲ್ಲಿಲ್ಲ, ಇನ್ನೂ ದಾರಿ ನಡೆಯಬೇಕು ಎಂದು ಅರ್ಥ. ಹೊಸಬರು ಇದನ್ನು ಅರಿಯದೆ ಇಳಿದು ದೇವಸ್ಥಾನವೆಲ್ಲಿ ಎಂದು ಕೇಳುವುದುಂಟು. ನಾವೂ ಹಿಂದೊಮ್ಮೆ ಕೇಳಿದವರೇ.

ಇಲ್ಲಿ ಮಧುಕರಿ ಎಂಬ ಪದ್ಧತಿಯಿದೆ. ಮಧ್ಯಾಹ್ನದಲ್ಲಿ ಯಾತ್ರಿಕರು, ಎಷ್ಟೇ ಸಿರಿವಂತರಾಗಿರಲಿ, ಜೋಳಿಗೆ ಹಿಡಿದು ಐದು ಮನೆ ಬೇಡಿ ಉಣ್ಣುತ್ತಾರೆ. ಒಳ್ಳೆಯ ಅಂಗಿ ತೊಟ್ಟ ಗೃಹಸ್ಥರೊಬ್ಬರು ನಮ್ಮ ಮುಂದೆ ಬಾಗಿಲಲ್ಲಿ ನಿಂತು, ಧ್ವನಿಯೇ ಹೊರಡದೆ ಕೈಯನ್ನಷ್ಟೆ ಚಾಚಿದರು. ಪ್ರವಾಸದಲ್ಲಿ ನಾವು ಎಲ್ಲವನ್ನೂ ಹಣ ಕೊಟ್ಟು ಕೊಂಡುಕೊಳ್ಳುತ್ತೇವೆ. ಬೇಡುವವನಿಗೆ ಊರು ಬೇರೆ ಮುಖವನ್ನು ತೋರಿಸುತ್ತದೆ. ನಮಗೆ ಬೇಡುವ ಧೈರ್ಯ ಬರಲಿಲ್ಲ. ಖಾನಾವಳಿಯಲ್ಲಿ ಉಂಡೆವು.

ಅಫಜಲಪುರದಲ್ಲಿ ನಾವು ಹೆಚ್ಚು ಹೊತ್ತು ನಿಲ್ಲಲಿಲ್ಲ. ಘತ್ತರಗಿಯ ಭಾಗ್ಯವಂತಿಯ ದರ್ಶನ ಮಾಡಿಕೊಂಡು, ಸೊನ್ನದಲ್ಲಿ ಭೀಮೆಗೆ ಕಟ್ಟಿದ ಒಡ್ಡನ್ನು ನೋಡಿ, ಕಲಬುರಗಿಗೆ ಮರಳಿದೆವು. ಬಾಡಿಗೆಯ ಗಾಡಿಯ ಅವಧಿಯು ಅಲ್ಲಿಗೆ ಮುಗಿದುದರಿಂದ ಮರುದಿನ ಜೇವರ್ಗಿಗೆ ಸರಕಾರಿ ಬಸ್ಸನ್ನು ಹತ್ತಬೇಕಾಯಿತು. ಹೀಗಾದದ್ದು ಒಳ್ಳೆಯದೇ ಆಯಿತು.

ಜೇವರ್ಗಿಯು ಅಖಂಡೇಶ್ವರ ಅಂಕಿತದಿಂದ ವಚನಗಳನ್ನು ರಚಿಸಿದ ಷಣ್ಮುಖ ಶಿವಯೋಗಿಗಳ ಊರು. ಕಲಬುರಗಿಯ ಶರಣಬಸವೇಶ್ವರರು ಹುಟ್ಟಿದ ಅರಳಗುಂಡಗಿಯೂ ಆ ಸೀಮೆಯದೇ. ಇದು ಕನ್ನಡಿಗರಿಗೆ ತಿಳಿದ ಮಾತು. ತಿಳಿಯದಿರುವುದು ಇನ್ನೊಂದಿದೆ. 1841ರಿಂದ 1853ರವರೆಗೆ ಸುರಪುರದಲ್ಲಿ ಅಧಿಕಾರಿಯಾಗಿದ್ದ ಫಿಲಿಪ್ ಮೆಡೋಸ್ ಟೇಲರನು ಜೇವರ್ಗಿಯ ಬಳಿಯ ಪ್ರಾಚೀನ ಕಲ್ಲುಗೋರಿಗಳನ್ನು ಅಗೆಯಿಸಿ, ಒಳಗೆ ಕಂಡದ್ದನ್ನು ವಿವರವಾಗಿ ವರ್ಣಿಸಿದನು. ಆ ವರ್ಣನೆಯು ಐರ್ಲೆಂಡಿನ ವಿದ್ವತ್ಪರಿಷತ್ತಿನವರೆಗೆ ಹೋಯಿತು. ಹದಿನೈದನೆಯ ವಯಸ್ಸಿಗೆ ಸಮುದ್ರ ದಾಟಿ ಬಂದವನು ಅವನು. ಭೀಮೆಯ ದಡದ ಕಲ್ಲುಗಳ ಸುತ್ತನ್ನು ನೋಡಿ ತನ್ನ ದ್ವೀಪಗಳ ಕಲ್ಲುಗಳೇ ಇವೆಂದು ಬೆರಗಾಗಿ, ಎರಡನ್ನೂ ಒಂದೇ ಜನಾಂಗದವರು ಕಟ್ಟಿರಬೇಕೆಂದು ಊಹಿಸಿದನು. ಇಂದು ಆ ಊಹೆಯು ನಿಲ್ಲುವುದಿಲ್ಲ. ನಮ್ಮವು ಕಬ್ಬಿಣ ಯುಗದವು, ಐರ್ಲೆಂಡಿನ ಪ್ರಸಿದ್ಧ ಕಲ್ಲುಗೋರಿಗಳು ಅವಕ್ಕಿಂತ ಸಾವಿರಾರು ವರ್ಷ ಹಿಂದಿನವು. ಆದರೂ ಅವನ ವರ್ಣನೆಯನ್ನು ವಿದ್ವಾಂಸರು ಈಗಲೂ ಓದುತ್ತಾರೆ. ಊಹೆಯು ಅವನ ಮನೆಯ ನೆನಪಿನಿಂದ ಬಂದದ್ದು, ವರ್ಣನೆಯು ಗುದ್ದಲಿಯಿಂದ ಬಂದದ್ದು.

ಬಸ್ಸಿನಲ್ಲಿ ನಮ್ಮ ಪಕ್ಕದ ಆಸನದಲ್ಲಿ ಒಂದು ಸಂಸಾರವು ಕುಳಿತಿತ್ತು: ಗಂಡ, ಹೆಂಡತಿ, ಎಂಟು ಒಂಬತ್ತು ವರ್ಷದ ಹುಡುಗಿ, ಎರಡು ಗಂಟು, ಒಂದು ಪ್ಲಾಸ್ಟಿಕ್ ಕೊಡ. ಪುಣೆಯಲ್ಲಿ ಕಟ್ಟಡದ ಕೆಲಸ ಮಾಡಿ, ತೊಗರಿಯ ರಾಶಿಗೆಂದು ಬೆಳಗಿನ ರೈಲಿನಲ್ಲಿ ಕಲಬುರಗಿಗೆ ಇಳಿದವರು. ನಾವು ಕುತೂಹಲದಿಂದ, “ಪುಣೆಯಲ್ಲಿ ಏನೇನು ನೋಡಿದಿರಮ್ಮ?” ಎಂದು ಕೇಳಿದೆವು. ಆಕೆ ನಕ್ಕು, “ದುಡೀಲಾಕ ಹೋಗಿದ್ದೆವ್ರೀ, ನೋಡ್ಲಾಕ ಅಲ್ಲ” ಎಂದಳು.

ನಾವು ನಾಚಿ ಸುಮ್ಮನಾದೆವು. ಸ್ವಲ್ಪ ಹೊತ್ತಿನ ಮೇಲೆ ಆಕೆ ತಾನಾಗಿಯೇ ಹೇಳತೊಡಗಿದಳು. ಹೆಣ್ಣಾಳಿಗೆ ದಿನಕ್ಕೆ ಎಷ್ಟು, ಗಂಡಾಳಿಗೆ ಎಷ್ಟು. ತಗಡಿನ ಕೋಣೆಗೆ ಬಾಡಿಗೆ ಎಷ್ಟು. ನೀರಿನ ಗಾಡಿ ಯಾವ ಹೊತ್ತಿಗೆ ಬರುತ್ತದೆ. ರೈಲಿನ ಸಾದಾ ಡಬ್ಬಿಯಲ್ಲಿ ಯಾವ ನಿಲ್ದಾಣದ ಮೇಲೆ ಕೂರಲು ಜಾಗ ಸಿಗುತ್ತದೆ. ಅಲ್ಲಿಯ ಜೋಳ ಯಾಕೆ ರೊಟ್ಟಿಗೆ ಬರುವುದಿಲ್ಲ. 2023ರಿಂದ ಕರ್ನಾಟಕದ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಚೀಟಿಗೆ ಹಣವಿಲ್ಲ. ಆಕೆ ಸೊನ್ನೆಯ ಚೀಟಿಯನ್ನು ಮಡಚಿ ಬಳೆಯ ಒಳಗೆ ಸಿಕ್ಕಿಸಿಕೊಂಡಿದ್ದಳು. ಒಂದು ಮಾತನ್ನೂ ಅಲಂಕರಿಸಲಿಲ್ಲ. ಯಾವುದನ್ನು ತಾನು ಕಂಡಿಲ್ಲವೋ ಅದನ್ನು, “ಮಂದಿ ಅಂತಾರ” ಎಂದು ಬೇರೆ ಇಟ್ಟಳು. ನಿಕಿತಿನನು ಕುದುರೆಯ ಮೇವನ್ನು ಬರೆದದ್ದೂ ಹೀಗೆಯೇ.

ಕನ್ನಡದಲ್ಲಿ ಪ್ರವಾಸ ಗ್ರಂಥಗಳಿಗೆ ಕೊರತೆಯಿಲ್ಲ. ವಿ. ಸೀತಾರಾಮಯ್ಯನವರ ಪಂಪಾಯಾತ್ರೆಯನ್ನು, ಗೋಕಾಕರ ಸಮುದ್ರದಾಚೆಯಿಂದ ಎಂಬುದನ್ನು ಓದಿದವರು ಬಹುಮಂದಿ. ಆದರೆ ಆಳಂದ, ಅಫಜಲಪುರ, ಜೇವರ್ಗಿಗಳಿಂದ ವರ್ಷವರ್ಷವೂ ಪುಣೆ, ಮುಂಬಯಿ, ಬೆಂಗಳೂರುಗಳಿಗೆ ದುಡಿಯಲು ಹೋಗಿ ಬರುವವರ ದಾರಿಯನ್ನು ಬರೆದಿಟ್ಟ ಪುಸ್ತಕವು ನಮ್ಮ ಕಪಾಟಿನಲ್ಲಿ ಒಂದೂ ಇಲ್ಲ. ಐನೂರು ವರ್ಷಗಳ ಮೇಲೆ ಯಾರಾದರೂ ಈ ಸೀಮೆಯ ಇಂದಿನ ಬಾಳನ್ನು ತಿಳಿಯಬಯಸಿದರೆ, ಬಹಮನೀ ಕಾಲದ ಜಾತ್ರೆಗೆ ರಷ್ಯನನ ಟಿಪ್ಪಣಿಯನ್ನು ಹುಡುಕುವಂತೆ, ಮತ್ತೆ ಪರದೇಶಿಯ ಪುಸ್ತಕವನ್ನೇ ಹುಡುಕಬೇಕಾದೀತು.

ನಿಕಿತಿನನು ಆಳಂದದಿಂದ ದಾಭೋಳ ಬಂದರಿಗೆ ಹೋಗಿ ಹಡಗನ್ನೇರಿದನು. ಮೂರು ಸಮುದ್ರಗಳನ್ನು ದಾಟಿದರೂ ಊರನ್ನು ಮುಟ್ಟಲಿಲ್ಲ. ಸ್ಮೋಲೆನ್ಸ್ಕ್ ಪಟ್ಟಣವನ್ನು ತಲುಪುವ ಮುಂಚೆಯೇ ದಾರಿಯಲ್ಲಿ ತೀರಿಕೊಂಡನು. ಅವನ ಕಾಗದಗಳನ್ನು ಮಾತ್ರ ಬೇರೆ ವರ್ತಕರು ಮಾಸ್ಕೋವಿಗೆ ಒಯ್ದರು.

ಕಟ್ಟಿಸಂಗಾವಿಯ ಸೇತುವೆಯ ಮೇಲೆ ಬಸ್ಸು ಭೀಮೆಯನ್ನು ದಾಟುವಾಗ ಹುಡುಗಿ ಕಿಟಕಿಯಿಂದ ಕೆಳಗೆ ನೋಡಿತು. 2020ರ ಅಕ್ಟೋಬರಿನಲ್ಲಿ ಹೊಳೆ ಉಕ್ಕಿ ಈ ತಾಲೂಕುಗಳ ಹಳ್ಳಿಗಳಿಗೆ ನುಗ್ಗಿತ್ತು. ತಾಯಿಯು ಕೈಯೆತ್ತಿ, ಆ ಸಲ ನೀರು ಎಲ್ಲಿಯತನಕ ಬಂದಿತ್ತೆಂದು ತೋರಿಸಿದಳು. ಮಗಳು ಯಾವ ತರಗತಿಯಲ್ಲಿ ಓದುತ್ತಾಳೆಂದು ನಾವು ಕೇಳಿದೆವು. ಎರಡನೆಯದನ್ನು ಎರಡು ಸಲ ಅರ್ಧಕ್ಕೆ ಬಿಡಿಸಿದ್ದಾಯಿತೆಂದು ತಂದೆ ಉತ್ತರ ಕೊಟ್ಟನು. ಜೇವರ್ಗಿಯ ನಿಲ್ದಾಣದಲ್ಲಿ ಅವರು ಇಳಿದು, ಗಂಟುಗಳನ್ನು ನೆಲಕ್ಕಿಟ್ಟು, ಯಡ್ರಾಮಿಯ ಬಸ್ಸಿಗೆ ಕಾಯುತ್ತ ನಿಂತರು.