ಲೈಟ್ ಓಪನ್ ಮಾಡಿದರೆ ಏನಾಗುತ್ತದೆ?

ನಮ್ಮ ಸಂಘದ ಹಳೆಯ ಸದಸ್ಯರೊಬ್ಬರು ಈಗ ತೈವಾನಿನಲ್ಲಿ ಎಂ.ಎಸ್. ಮಾಡುತ್ತಿದ್ದಾರೆ. ಮೊನ್ನೆ ಫೋನಿನಲ್ಲಿ ಸಿಕ್ಕಾಗ ಒಂದು ಪೇಚಿನ ಕಥೆ ಹೇಳಿದರು. ಅವರ ರೂಮ್‌ಮೇಟ್ ಅಲ್ಲಿಯವನೇ. ಓದಿನಲ್ಲಿ ಚುರುಕು, ಇಂಗ್ಲಿಷ್ ಕೂಡ ಚೆನ್ನಾಗಿಯೇ ಮಾತಾಡ್ತಾನೆ. ಆದರೆ ಸಂಜೆ ರೂಮಿಗೆ ಬಂದ ತಕ್ಷಣ ಅವನ ಬಾಯಲ್ಲಿ ಬರೋ ಮಾತು, 'ಪ್ಲೀಸ್ ಓಪನ್ ದಿ ಲೈಟ್'. ನಮ್ಮವರು ಒಂದು ದಿನ ತಿದ್ದಿದರು: 'ಓಪನ್ ಅಲ್ಲ, ಟರ್ನ್ ಆನ್'. ಅವನು ಬೇಜಾರು ಮಾಡಿಕೊಳ್ಳಲಿಲ್ಲ, 'ಯಾಕೆ?' ಅಂತ ಕೇಳಿದ. ನಮ್ಮವರ ಹತ್ತಿರ ಉತ್ತರ ಇರಲಿಲ್ಲ. 'ಅದು ಹಾಗೇ' ಅಂದು ಸುಮ್ಮನಾದರಂತೆ.

'ಅದು ಹಾಗೇ' ಅನ್ನೋದು ಎಂಜಿನಿಯರಿಂಗ್ ಓದುವವರು ಕೊಡುವ ಉತ್ತರವಲ್ಲ. ಹಾಗಾಗಿ ಈ ಸಲ ನಾವು ಕೂತು ಆ 'ಯಾಕೆ'ಗೆ ಉತ್ತರ ಹುಡುಕಿದ್ದೇವೆ. ಹುಡುಕುತ್ತಾ ಹೋದಂತೆ ಅದು ನಮ್ಮ ಲ್ಯಾಬಿನ ಬಾಗಿಲಿಗೇ ಬಂದು ನಿಂತಿತು.

ಮೊದಲು ಆ ಹುಡುಗನ ಭಾಷೆಯ ಕಡೆ ನೋಡೋಣ. ಚೀನೀ ಭಾಷೆಯಲ್ಲಿ 'ಖಾಯ್' ಅಂತ ಒಂದು ಪದವಿದೆ. ಇಂಗ್ಲಿಷ್ ಅಕ್ಷರದಲ್ಲಿ ಅದನ್ನು 'ಕೆ' ಹಾಕಿ ಬರೀತಾರೆ, ಆದರೆ ಉಚ್ಚಾರಣೆ ನಮ್ಮ ಮಹಾಪ್ರಾಣ 'ಖ'. ಇಂಗ್ಲಿಷಿನವರು ತಿಣುಕಾಡುವ ಈ ವ್ಯತ್ಯಾಸ ನಮಗೆ ಒಂದನೇ ಕ್ಲಾಸಿನಿಂದಲೇ ಗೊತ್ತು, ಅಷ್ಟರಮಟ್ಟಿಗೆ ನಾವು ಅದೃಷ್ಟವಂತರು. ನಿಘಂಟು ತೆಗೆದರೆ 'ಖಾಯ್' ಪದಕ್ಕೆ ಮೊದಲ ಅರ್ಥ 'ಓಪನ್', ಅಂದರೆ ತೆರೆ. 'ಖಾಯ್ ಮನ್' ಅಂದರೆ ಬಾಗಿಲು ತೆರೆ. ಇಲ್ಲಿಯವರೆಗೆ ತಕರಾರಿಲ್ಲ. ಆದರೆ ಅದೇ ಪದದಿಂದ 'ಖಾಯ್ ತಂಗ್' ಅಂದರೆ ದೀಪ ಹಚ್ಚು. 'ಖಾಯ್ ಛ' ಅಂದರೆ ಕಾರು ಓಡಿಸು. 'ಖಾಯ್ ಹ್ವೇ' ಅಂದರೆ ಮೀಟಿಂಗ್ ಮಾಡು. 'ಖಾಯ್ ಹ್ವಾ' ಅಂದರೆ ಹೂ ಅರಳು. ಡಾಕ್ಟರು ಔಷಧಿ ಬರೆದುಕೊಟ್ಟರೆ ಅದೂ 'ಖಾಯ್'. ರಜೆ ಮುಗಿದು ಶಾಲೆ ಶುರುವಾದರೆ ಅದೂ 'ಖಾಯ್'. ನೀರು ಕುದಿ ಬಂದರೆ 'ನೀರು ಖಾಯ್ ಆಯಿತು' ಅಂತಾರೆ. ಎಲ್ಲಕ್ಕಿಂತ ಚಂದದ್ದು 'ಖಾಯ್ ಶಿನ್': ಪದಶಃ ನೋಡಿದರೆ 'ಹೃದಯ ತೆರೆ', ಅರ್ಥ 'ಖುಷಿ'.

ಇಷ್ಟನ್ನೂ ಒಂದೇ ದಾರದಲ್ಲಿ ಪೋಣಿಸಿರುವುದು ಏನು? ನಮಗೆ ತೋಚಿದ್ದು ಇಷ್ಟು: ಮುಚ್ಚಿದ್ದೋ ಸುಮ್ಮನೆ ಇದ್ದದ್ದೋ ಒಂದು ವಸ್ತು ಚಲನೆಗೆ, ಕೆಲಸಕ್ಕೆ, ಅರಳುವಿಕೆಗೆ ಬಂದರೆ ಅದು 'ಖಾಯ್'. ಬಾಗಿಲು ಅದಕ್ಕೊಂದು ಉದಾಹರಣೆ ಮಾತ್ರ. ಇಂಗ್ಲಿಷಿನ 'ಓಪನ್' ಹಾಗಲ್ಲ. ಅದಕ್ಕೆ ಸಾಮಾನ್ಯವಾಗಿ ಒಂದು ಅಡ್ಡಿ ಬೇಕು. ಮುಚ್ಚಳ, ಕದ, ರೆಪ್ಪೆ, ರಟ್ಟು, ಬೀಗ, ಏನೋ ಒಂದು ಅಡ್ಡ ಇರಬೇಕು, ಅದು ಸರಿಯಬೇಕು, ಒಳಗಿನದು ಕೈಗೋ ಕಣ್ಣಿಗೋ ಸಿಗಬೇಕು. ಬಲ್ಬಿಗೆ ಮುಚ್ಚಳ ಇಲ್ಲ. ಇದ್ದರೂ ಅದನ್ನು ಬಿಚ್ಚಿ ಅಂತ ಯಾರೂ ಹೇಳುತ್ತಿಲ್ಲ. ರೂಮ್‌ಮೇಟಿನ 'ಯಾಕೆ'ಗೆ ಮೊದಲ ಉತ್ತರ ಇದು.

ಆ ಅಕ್ಷರದ ಕಥೆಯೂ ಸ್ವಾರಸ್ಯವಾಗಿದೆ. ತೈವಾನ್ ಮತ್ತು ಹಾಂಗ್‌ಕಾಂಗ್‌ನಲ್ಲಿ ಇವತ್ತಿಗೂ ಬರೆಯುವ ಹಳೆಯ ರೂಪದಲ್ಲಿ ಎರಡು ಕದದ ಬಾಗಿಲಿನ ಚಿತ್ರ ಇದೆ, ಅದರೊಳಗೆ ಇನ್ನೊಂದು ಗುರುತು. ಎರಡು ಕೈಗಳು ಬಾಗಿಲಿನ ಅಗುಳಿ ತೆಗೆಯುವುದು ಅಂತ ಅದನ್ನು ಸಾಂಪ್ರದಾಯಿಕವಾಗಿ ವಿವರಿಸುತ್ತಾರೆ. ಚೀನಾದಲ್ಲಿ 1950ರ ದಶಕದಲ್ಲಿ ಲಿಪಿಯನ್ನು ಸರಳ ಮಾಡಿದಾಗ ಬಾಗಿಲನ್ನು ಕಿತ್ತುಹಾಕಿ ಒಳಗಿನ ಗುರುತನ್ನಷ್ಟೇ ಉಳಿಸಿಕೊಂಡರು. ಮುಚ್ಚು ಅನ್ನುವ 'ಕ್ವಾನ್' ಪದಕ್ಕೂ ಹೀಗೇ ಆಯಿತು, ಅದರ ಬಾಗಿಲೂ ಹೋಯಿತು. ಈ ಎರಡು ಸೇರಿದರೆ 'ಖಾಯ್‌ಕ್ವಾನ್', ಅಂದರೆ ತೆರೆ-ಮುಚ್ಚು. ಏನು ಗೊತ್ತಾ ಅದು? ಗೋಡೆಯ ಮೇಲಿನ ಸ್ವಿಚ್ಚು! ಸ್ವಿಚ್ಚಿನ ಹೆಸರೇ 'ಓಪನ್-ಕ್ಲೋಸ್' ಆಗಿರುವ ಮನೆಯಲ್ಲಿ ಬೆಳೆದವನು 'ಓಪನ್ ದಿ ಲೈಟ್' ಅನ್ನದೆ ಇನ್ನೇನು ಅಂದಾನು?

ಅವನೊಬ್ಬನೇ ಅಲ್ಲ. ಸಿಂಗಾಪುರದ ಆಡು ಇಂಗ್ಲಿಷಿನಲ್ಲಿ 'ಓಪನ್ ದಿ ಲೈಟ್', 'ಕ್ಲೋಸ್ ದಿ ಲೈಟ್' ಕೇಳಿಬರುತ್ತದೆ. ಪಕ್ಕದ ಮಲೇಷ್ಯಾದ ಮಲಯ್ ಮಾತಿನಲ್ಲೂ ದೀಪಕ್ಕೆ 'ಬುಕಾ' ಅಂತಾರೆ, ಅದೂ ತೆರೆ ಅಂತಲೇ. ಥಾಯ್ ಭಾಷೆಯಲ್ಲೂ ಬಾಗಿಲಿಗೆ ಮತ್ತು ದೀಪಕ್ಕೆ ಒಂದೇ ಕ್ರಿಯಾಪದ. ಫ್ರೆಂಚ್ ಪ್ರಭಾವ ಇರುವ ಕೆನಡಾದ ಮಾಂಟ್ರಿಯಲ್‌ನಲ್ಲಿ ಇಂಗ್ಲಿಷ್ ಮನೆಮಾತಾಗಿರುವವರೇ ಹೀಗೆ ಅನ್ನೋದುಂಟು. ಇಷ್ಟೊಂದು ಜನ ಒಂದೇ 'ತಪ್ಪು' ಮಾಡುತ್ತಿದ್ದರೆ ಅದನ್ನು ದಡ್ಡತನ ಅನ್ನೋಕಾಗಲ್ಲ. ಅದಿರಲಿ, ಇಂಗ್ಲಿಷಿನ 'ಟರ್ನ್ ಆನ್' ಏನು ಮಹಾ ತರ್ಕಬದ್ಧ? ಅದು ನಲ್ಲಿ, ಗ್ಯಾಸ್‌ಗಳ ತಿರುಪು ತಿರುಗಿಸುತ್ತಿದ್ದ ಕಾಲದ ಮಾತು. ತಿರುಪು ಹೋಗಿ ಗುಂಡಿ ಬಂದರೂ ಮಾತು ಮಾತ್ರ ಇನ್ನೂ ತಿರುಗುತ್ತಲೇ ಇದೆ.

ಹಾಗಾದರೆ ಅವನಿಗೆ ಹೇಳಿಕೊಡೋದು ಹೇಗೆ? ಪಟ್ಟಿ ಕೊಟ್ಟು ಉರು ಹೊಡಿ ಅನ್ನೋದಕ್ಕಿಂತ ಒಂದು ಲ್ಯಾಪ್‌ಟಾಪ್ ಮುಂದಿಡಿ. ಅದರ ಮುಚ್ಚಳ ಎತ್ತಿ: ಇದು 'ಓಪನ್'. ಪರದೆ ಇನ್ನೂ ಕಪ್ಪಗಿದೆ. ಈಗ ಪವರ್ ಬಟನ್ ಒತ್ತಿ: ಇದು 'ಟರ್ನ್ ಆನ್'. ಆಮೇಲೆ ಒಂದು ಫೈಲ್ ತೆರೆಯಿರಿ: ಮತ್ತೆ 'ಓಪನ್'. ಒಂದೇ ಯಂತ್ರದಲ್ಲಿ ಮೂರು ಕೆಲಸ ಆಯಿತು, ಚೀನೀ ಭಾಷೆಯಲ್ಲಿ ಮೂರಕ್ಕೂ 'ಖಾಯ್' ನಡೆಯುತ್ತದೆ, ಇಂಗ್ಲಿಷಿನಲ್ಲಿ ನಡುವಿನದ್ದಕ್ಕೆ ನಡೆಯಲ್ಲ. ಕ್ಯಾಮೆರಾ ಕೂಡ ಹೀಗೇ. ಫೋನಿನ ಕ್ಯಾಮೆರಾ ಆ್ಯಪ್ ಅನ್ನು 'ಓಪನ್' ಮಾಡಬಹುದು. ಆನ್‌ಲೈನ್ ಕ್ಲಾಸಿನಲ್ಲಿ ಮುಖ ತೋರಿಸೋಕೆ ಕ್ಯಾಮೆರಾ 'ಟರ್ನ್ ಆನ್' ಆಗಬೇಕು. (ನಮ್ಮಲ್ಲೂ 'ಎಲ್ರೂ ಕ್ಯಾಮೆರಾ ಓಪನ್ ಮಾಡಿ' ಅಂದವರು ಎಷ್ಟು ಜನ! ಆಗ ಯಾರೂ ನಗಲಿಲ್ಲ.) ಏಸಿಯನ್ನು 'ಓಪನ್' ಮಾಡಿ ಅಂದರೆ ಇಂಗ್ಲಿಷ್ ಕಿವಿಗೆ ಸ್ಕ್ರೂಡ್ರೈವರ್ ಕಾಣಿಸುತ್ತದೆ.

ಕಾರಿಗೆ 'ಡ್ರೈವ್', ಮೀಟಿಂಗಿಗೆ 'ಹ್ಯಾವ್' ಅಥವಾ 'ಹೋಲ್ಡ್', ಕುದಿಯುವ ನೀರಿಗೆ 'ಬಾಯಿಲ್', ಇವನ್ನು ಕಲಿಯೋದು ಕಷ್ಟವಿಲ್ಲ. ಖುಷಿಯ ವಿಷಯದಲ್ಲಿ ಮಾತ್ರ ಸ್ವಲ್ಪ ಹುಷಾರು. 'ಖಾಯ್ ಶಿನ್' ಅನ್ನು ಇದ್ದ ಹಾಗೇ ಎತ್ತಿ 'ಐ ಆಮ್ ವೆರಿ ಓಪನ್' ಅಂದರೆ 'ನಾನು ಮನಸ್ಸು ಬಿಚ್ಚಿ ಮಾತಾಡುವವನು' ಅಂತಾಗುತ್ತದೆ, ಖುಷಿ ಎಲ್ಲೋ ಕಳೆದುಹೋಗುತ್ತದೆ. ಸಮಾಧಾನದ ವಿಷಯವೂ ಇದೆ. ಬ್ಯಾಂಕ್ ಖಾತೆ ತೆರೆಯೋದು, ಓಪನ್ ಸೋರ್ಸ್, ನಮ್ಮ ನಿಮ್ಮೆಲ್ಲರ ಪ್ರೀತಿಯ ಓಪನ್ ಬುಕ್ ಪರೀಕ್ಷೆ, ಇವಕ್ಕೆಲ್ಲ ಚೀನೀ ಭಾಷೆಯಲ್ಲೂ 'ಖಾಯ್' ಸೇರಿದ ಪದಗಳೇ ಇವೆ. ಅಲ್ಲಿ ನೇರವಾಗಿ ಅನುವಾದ ಮಾಡಿದರೂ ಪಾಸ್.

ಈಗ ನಮ್ಮ ಲ್ಯಾಬಿಗೆ ಬರೋಣ. ಮಷೀನ್ಸ್ ಲ್ಯಾಬಿನಲ್ಲಿ ಡಿಸಿ ಷಂಟ್ ಮೋಟಾರಿನ ಪ್ರಯೋಗ ನಡೀತಿತ್ತು. ಪ್ರಯೋಗ ಮುಗಿಸಿ ರಿಯೋಸ್ಟಾಟ್‌ಗಳನ್ನು ಆಚೀಚೆ ಸರಿಸಿ ಆಗಿತ್ತು. ಹಿಂದಿನಿಂದ ಸರ್ 'ಸ್ವಿಚ್ ಓಪನ್ ಮಾಡ್ರೋ' ಅಂದರು. ನಮ್ಮ ಬ್ಯಾಚಿನವನೊಬ್ಬ ಸ್ವಿಚ್ ಆಗಲೇ ಕೆಳಗಿದ್ದದ್ದನ್ನು ನೋಡಿ, ಮತ್ತೊಮ್ಮೆ ಓಡಿಸಬೇಕೇನೋ ಅಂದುಕೊಂಡು, ಸೀದಾ ಮೇಲೆತ್ತಿ ಹಾಕಿಬಿಟ್ಟ. ಫ್ಯೂಸ್ ಹಾರಿತು. ಪುಣ್ಯಕ್ಕೆ ಅಷ್ಟರಲ್ಲೇ ಮುಗೀತು, ಯಾರ ಕೈಯೂ ಟರ್ಮಿನಲ್ ಮೇಲೆ ಇರಲಿಲ್ಲ. ಬೈಸಿಕೊಂಡ ಮೇಲೆ ಅವನು ಹೇಳಿದ್ದು: 'ನಲ್ಲಿ ಓಪನ್ ಮಾಡಿದ್ರೆ ನೀರು ಬರುತ್ತೆ, ಸ್ವಿಚ್ ಓಪನ್ ಮಾಡಿದ್ರೆ ಕರೆಂಟ್ ಬರಬೇಕಲ್ವಾ?'

ತಮಾಷೆ ಅನಿಸಿದರೂ ಅವನ ಪ್ರಶ್ನೆಯಲ್ಲಿ ಹುರುಳಿದೆ. ವಾಲ್ವ್ ಓಪನ್ ಆದರೆ ಹರಿವು ಇದೆ. ಸರ್ಕ್ಯೂಟ್ ಓಪನ್ ಆದರೆ ಹರಿವು ಇಲ್ಲ. ಯಾಕಂದರೆ ಅಲ್ಲಿ ಹೋಲಿಕೆ ಬಾಗಿಲಿನದ್ದಲ್ಲ, ಬಳೆಯದ್ದು. ತಂತಿಯ ಬಳೆಯಲ್ಲಿ ಬಿರುಕು ಬಿಟ್ಟರೆ ಅದು ಓಪನ್, ತುದಿಗೆ ತುದಿ ಸೇರಿದರೆ ಕ್ಲೋಸ್. ದಿನಬಳಕೆಯ ಅರ್ಥಕ್ಕೂ ವಿದ್ಯುತ್ತಿನ ಅರ್ಥಕ್ಕೂ ಸರಿಯಾಗಿ 180 ಡಿಗ್ರಿ ವ್ಯತ್ಯಾಸ. 'ಓಪನ್ ದಿ ಲೈಟ್' ಅನ್ನುವ ಹುಡುಗನಿಗೆ ಇದು ಇನ್ನೂ ಅಪಾಯ. ಅವನ ತಲೆಯಲ್ಲಿ 'ಓಪನ್' ಅಂದರೆ 'ಖಾಯ್', 'ಖಾಯ್' ಅಂದರೆ ಆನ್. 'ಓಪನ್ ದಿ ಬ್ರೇಕರ್' ಅಂತ ಒಬ್ಬರು ಕೂಗಿದರೆ ಅವನ ಕೈ ಯಾವ ಕಡೆ ಹೋಗಬಹುದು ಯೋಚಿಸಿ. ಮನೆಯ ಲೈಟಿನಲ್ಲಿ ಇದು ನಗು ತರುವ ತಪ್ಪು, 440 ವೋಲ್ಟಿನ ಪ್ಯಾನೆಲ್ ಮುಂದೆ ಹಾಗಲ್ಲ.

ಚೀನೀ ಎಂಜಿನಿಯರುಗಳೂ ಈ ಇಕ್ಕಟ್ಟಿನಲ್ಲೇ ಬದುಕುತ್ತಾರೆ. ರಿಲೇಯ 'ನಾರ್ಮಲಿ ಓಪನ್' ಕಾಂಟ್ಯಾಕ್ಟಿಗೆ ಅವರ ಪುಸ್ತಕಗಳಲ್ಲೂ 'ಛಾಂಗ್ ಖಾಯ್' ಅಂತಲೇ ಇದೆ, ಇಲ್ಲಿ 'ಖಾಯ್' ಅಂದರೆ ಹರಿವು ಇಲ್ಲ. ಮನೆಗೆ ಹೋಗಿ ದೀಪ 'ಖಾಯ್' ಮಾಡಿದರೆ ಹರಿವು ಇದೆ! ಆದರೆ ಬ್ರೇಕರ್ ವಿಷಯಕ್ಕೆ ಬಂದರೆ ಚೀನಾದಲ್ಲಿ ಬೇರೆಯೇ ಜೋಡಿ ಪದಗಳಿವೆ: ಒಂದರ ಅರ್ಥ 'ಸೇರಿಸು', ಇನ್ನೊಂದರದ್ದು 'ಬೇರ್ಪಡಿಸು'. ಗೊಂದಲಕ್ಕೆ ಅಲ್ಲಿ ಜಾಗವೇ ಇಲ್ಲ. ತೈವಾನಿನ ನಮ್ಮವರಿಗೆ ನಾವು ಹೇಳಿದ್ದೂ ಇದನ್ನೇ. ರೂಮಿನಲ್ಲಿ ಅವನು 'ಓಪನ್ ದಿ ಲೈಟ್' ಅಂದರೆ ಅನ್ನಲಿ ಬಿಡಿ, ಲ್ಯಾಬಿನಲ್ಲಿ ಮಾತ್ರ ಇಬ್ಬರೂ 'ಆನ್', 'ಆಫ್' ಅನ್ನಿ, ಸ್ವಿಚ್ಚಿನ ಮೇಲಿನ ಗೆರೆ ಮತ್ತು ಸೊನ್ನೆಯನ್ನು ಬೆರಳಿಟ್ಟು ತೋರಿಸಿ. ಗೆರೆ ಆನ್, ಸೊನ್ನೆ ಆಫ್. ಸೊನ್ನೆಯನ್ನು 'ಓ ಫಾರ್ ಓಪನ್' ಅಂತ ಓದಿಕೊಂಡರೆ ಮತ್ತೆ ಮೊದಲಿನ ಕಥೆಯೇ.

ಇದನ್ನೆಲ್ಲ ಚರ್ಚಿಸುವಾಗ ನಮ್ಮಲ್ಲೊಬ್ಬರು ಕನ್ನಡದ ಕಡೆ ಕೈ ತೋರಿಸಿದರು. 'ಬಾಗಿಲು ಹಾಕಿ ಲೈಟ್ ಹಾಕು.' ಮನೆಯಲ್ಲಿ ಅಮ್ಮ ದಿನಾ ಹೇಳುವ ಮಾತು. ಒಂದು 'ಹಾಕು' ಅಂದರೆ ಮುಚ್ಚು, ಇನ್ನೊಂದು 'ಹಾಕು' ಅಂದರೆ ಆನ್ ಮಾಡು. ಚೀನೀಯರಿಗೆ ತೆರೆಯೋದೇ ಆನ್, ನಮಗೆ ಮುಚ್ಚೋ ಪದವೇ ಆನ್! ಅದಕ್ಕಿಂತ ಮಜಾ ಏನೆಂದರೆ, ಸರ್ಕ್ಯೂಟಿನ ಲೆಕ್ಕದಲ್ಲಿ ಅಮ್ಮನೇ ಸರಿ. ಸ್ವಿಚ್ ಹಾಕಿದರೆ ಕಾಂಟ್ಯಾಕ್ಟ್ ಕ್ಲೋಸ್, ಫ್ಯೂಸ್ ತೆಗೆದರೆ ಸರ್ಕ್ಯೂಟ್ ಓಪನ್. ಅವತ್ತು ಸರ್ 'ಓಪನ್ ಮಾಡ್ರೋ' ಅನ್ನೋ ಬದಲು 'ತೆಗೀರೋ' ಅಂದಿದ್ದರೆ ಆ ಫ್ಯೂಸ್ ಉಳೀತಿತ್ತು ಅನ್ನೋದು ನಮ್ಮ ಬ್ಯಾಚಿನ ಒಮ್ಮತದ ಅಭಿಪ್ರಾಯ. ಸರ್ ಇದನ್ನು ಇನ್ನೂ ಒಪ್ಪಿಲ್ಲ.

ಕೊನೆಗೆ, ಚೀನೀಯರಿಗೂ ನಮಗೂ ಸಮನಾಗಿ ಕೈಕೊಡುವ ಒಂದು ಜಾಗ. ಅಂಗಡಿ ತೆರೆದಿದೆ ಅನ್ನೋಕೆ 'ದಿ ಶಾಪ್ ಈಸ್ ಓಪನ್', ಮುಚ್ಚಿದೆ ಅನ್ನೋಕೆ 'ದಿ ಶಾಪ್ ಈಸ್ ಕ್ಲೋಸ್ಡ್'. ಒಂದಕ್ಕೆ ಬಾಲ ಇಲ್ಲ, ಇನ್ನೊಂದಕ್ಕೆ ಇದೆ. 'ಓಪನ್' ತಾನೇ ಸ್ಥಿತಿಯನ್ನೂ ಹೇಳುತ್ತದೆ, ಹಾಗಾಗಿ ಸ್ಥಿತಿ ಹೇಳುವಾಗ 'ಈಸ್ ಓಪನ್ಡ್' ಬೇಡ. ಬಾಲ ಕತ್ತರಿಸಿ 'ಈಸ್ ಕ್ಲೋಸ್' ಅಂದರೆ ಅಂಗಡಿ 'ಹತ್ತಿರದಲ್ಲಿದೆ' ಅಂತ ಅರ್ಥ. ರೂಮ್‌ಮೇಟ್ ಇದನ್ನು ಕೇಳಿ ಮತ್ತೆ 'ಯಾಕೆ?' ಅಂದನಂತೆ. ಮುಂದಿನ ಫೋನಿನವರೆಗೆ ಸಮಯ ಕೇಳಿದ್ದೇವೆ.